ಉಗುಳಿದ್ದರ ಅಳತೆ

ನಾನು ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ನೌಕರಿಗಿದ್ದೆ. ಕಬ್ಬಿನ ರಸದ ಒಂದು ಹನಿಯನ್ನು ಬ್ರಿಕ್ಸ್ ಮೀಟರಿನ ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು, ಸಕ್ಕರೆ ಎಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ಇಷ್ಟು ಬಲ್ಲವನನ್ನು ನಮ್ಮ ಸುತ್ತಿನ ಮಂದಿ ವೈನಿನ ಪಂಡಿತನೆಂದು ನಂಬಿದರು. ಹಾಳೂರಿಗೆ ಉಳಿದವನೇ ಗೌಡ. ವೈನ್ ಮಾಡುವವರಿಗೆ ಸರ್ಕಾರ ಪ್ರೋತ್ಸಾಹ ಕೊಡುತ್ತದಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ದ್ರಾಕ್ಷಿ ಬೆಳೆಯುತ್ತಿದ್ದ ಕೆಲವರು ಅಲ್ಲೊಂದು ಇಲ್ಲೊಂದು ಶೆಡ್ಡು ಹಾಕಿ ಡ್ರಮ್ಮು ತಂದಿಟ್ಟರು. ಕಬ್ಬಿನ ರಸಕ್ಕೂ ದ್ರಾಕ್ಷಿ ರಸಕ್ಕೂ ಒಂದೇ ಮೀಟರು ನಡೆಯುತ್ತದೆ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ರವಿವಾರ ಬಂತೆಂದರೆ ನನ್ನನ್ನು ಕರೆದೊಯ್ಯಲು ಮನೆಯ ಮುಂದೆ ಒಂದು ಮೋಟಾರ್ ಸೈಕಲ್ಲು ನಿಲ್ಲುತ್ತಿತ್ತು.

ನಾನು ಕುಡಿಯುವವನಲ್ಲ. ಅದರಲ್ಲಿ ಪುಣ್ಯದ ಮಾತೇನೂ ಇಲ್ಲ; ಮಜ್ಜಿಗೆ ಕೊಂಚ ಹುಳಿಯಾದರೂ ನನ್ನ ಹೊಟ್ಟೆ ತಡೆಯುವುದಿಲ್ಲ. ಹಣ್ಣಿನ ರಸದಲ್ಲಿ ಸಕ್ಕರೆ ಎಷ್ಟಿದೆ ಎನ್ನುವವರೆಗೆ ನಾನು ಪಂಡಿತ. ರಸ ಹುದುಗಿ ನೊರೆ ಬಂದ ಮೇಲೆ ನನಗೂ ಅಲ್ಲಿ ಕಟ್ಟಿದ ಎಮ್ಮೆಗೂ ಅದರ ಬಗ್ಗೆ ಅಷ್ಟೇ ಗೊತ್ತು. ಇದನ್ನು ಬಾಯಿಬಿಟ್ಟು ಹೇಳಿದರೆ ಯಾರೂ ಒಪ್ಪುತ್ತಿರಲಿಲ್ಲ. "ಸಾಹೇಬ್ರು ಭಾಳ ಸಣ್ಣಾಗಿ ಮಾತಾಡ್ತಾರ" ಎಂದು ಇನ್ನೊಂದು ಕಪ್ ಚಹಾ ತರಿಸುತ್ತಿದ್ದರು.

ಬನಹಟ್ಟಿಯಲ್ಲಿ ಒಬ್ಬ ನೇಕಾರ ಮಾಲಕ ಪವರ್‌ಲೂಮ್ ನಿಲ್ಲಿಸಿದ ಶೆಡ್ಡಿನಲ್ಲಿಯೇ ನೀಲಿ ಡ್ರಮ್ಮುಗಳನ್ನು ಸಾಲಾಗಿ ಇಟ್ಟಿದ್ದ. ನೂಲಿಗೆ ಹಾಕುವ ಗಂಜಿಯ ವಾಸನೆ ಆ ಗೋಡೆಗಳನ್ನು ಬಿಟ್ಟಿರಲಿಲ್ಲ, ಅವನ ವೈನಿಗೂ ಅದೇ ವಾಸನೆ ಹತ್ತಿತು. ಬಾಟಲಿಯ ಮೇಲಿನ ಚೀಟಿ ಮಾತ್ರ ಸೀರೆಯ ಸೆರಗಿನ ಹಾಗೆ ಚಂದವಾಗಿತ್ತು. ಒಂದೆರಡು ಸುಗ್ಗಿ ಕಳೆದು ಹೋಗಿ ನೋಡಿದರೆ ಡ್ರಮ್ಮುಗಳಲ್ಲಿ ಬಳಸುವ ನೀರು ತುಂಬಿತ್ತು, ಮಗ್ಗಗಳು ಮತ್ತೆ ಖಟಖಟ ಎನ್ನುತ್ತಿದ್ದವು. "ವೈನ್ ಏನಾತ್ರಿ?" ಎಂದೆ. "ಏನ್ ಆಗ್ತೈತ್ರಿ? ಮಾಡಿದ್ವಿ, ಯಾರೂ ಕುಡೀಲಿಲ್ಲ. ಸೀರಿ ಆದ್ರ ಯಾರರ ಉಡತಾರ" ಎಂದ. ಬೀಳಗಿಯ ಹತ್ತಿರ ಇನ್ನೊಬ್ಬ ಹಿನ್ನೀರಿನ ದಂಡೆಯ ಮೇಲೆ ಗಾಜಿನ ಗೋಡೆಯ ಕೋಣೆ ಕಟ್ಟಿಸಿದ್ದ. ಬಂದವರು ನೀರು ನೋಡುತ್ತ ವೈನಿನ ರುಚಿ ನೋಡಬೇಕಂತೆ. ಆ ನೀರಿನ ಕೆಳಗೆ ಅವನದೇ ಊರಿನ ಮಂದಿಯ ಹೊಲ ಮನೆಗಳಿದ್ದವು. ಊರವರು ಒಮ್ಮೆಯೂ ಆ ಕಡೆ ಸುಳಿಯಲಿಲ್ಲ. ಈಗ ಆ ಕೋಣೆಯಲ್ಲಿ ಮೀನು ಕರಿಯುತ್ತಾರೆ. ಮೀನು ಛಲೋ ಇರುತ್ತದೆಂದು ಕೇಳಿದ್ದೇನೆ.

ನಾನು ಹೆಚ್ಚು ಸಲ ಹೋದದ್ದು ಜಮಖಂಡಿಯಾಚೆಯ ಒಂದು ತೋಟಕ್ಕೆ. ಅವರೂ ಮೂಲತಃ ಬೀಳಗಿ ಕಡೆಯ ಮುಳುಗಡೆಯ ಹಳ್ಳಿಯವರು. ಎರೆಹೊಲ ನೀರಿಗೆ ಹೋದ ಮೇಲೆ ಇಲ್ಲಿ ಕಲ್ಲುಮಡ್ಡಿ ಹಿಡಿದು ದ್ರಾಕ್ಷಿ ಹಚ್ಚಿದ್ದರು. ಮನೆಯ ಹಿರಿಯ ಮಗನನ್ನು ಸುತ್ತಿನವರೆಲ್ಲ ಸಾವುಕಾರ ಎನ್ನುತ್ತಿದ್ದರು. ಅವನ ಕಬ್ಬು ನಮ್ಮ ಕಾರ್ಖಾನೆಗೆ ಬರುತ್ತಿದ್ದುದರಿಂದ ನನಗೆ ಪರಿಚಯ. ಆದರೆ ಮನೆ ನಡೆಯುತ್ತಿದ್ದುದು ಅವನ ತಾಯಿಯ ಮಾತಿನ ಮೇಲೆ. ಬೆಳ್ಳಗಿನ ಸೀರೆಯ, ಸೊರಗಿದ, ದನಿ ಎತ್ತರಿಸದ ಮುದುಕಿ. ಎಲ್ಲರೂ ಅವಳನ್ನು ಅವ್ವ ಎನ್ನುತ್ತಿದ್ದರು, ನಾನೂ ಅಂದೆ. ಅದು ಕೊರಳಲ್ಲಿ ಲಿಂಗ ಕಟ್ಟಿದ ಮನೆ. ಹೆಂಡದ ಹನಿ ಬಾಯಿಗೆ ತಾಗಿದವನು ಆ ಮನೆಯಲ್ಲಿ ಪಂಕ್ತಿಗೆ ಕೂರುವಂತಿರಲಿಲ್ಲ.

ಮಗ ವೈನರಿ ಹಾಕುತ್ತೇನೆ ಎಂದಾಗ ಅವ್ವ ಬೇಡ ಎನ್ನಲಿಲ್ಲ. "ಮಾಡ್ರಿ, ಮಾರ್ರಿ. ನಮ್ಮ ಮನ್ಯಾಗಿನ ಗಂಟಲಾಗ ಇಳೀಬಾರ್ದು" ಎಂದಳಂತೆ. ಪರರು ಕುಡಿದು ಹಾಳಾದರೆ ಅವಳಿಗೆ ಅಭ್ಯಂತರವಿರಲಿಲ್ಲ. ಇಂಥ ನೇರ ಧರ್ಮವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ ಸುಗ್ಗಿಯ ರಸ ಹುದುಗಿ ತಿಳಿಯಾಯಿತು. ಸಾವುಕಾರ ಒಂದು ಗ್ಲಾಸಿನಲ್ಲಿ ತಂದು ನನ್ನ ಮುಂದೆ ಹಿಡಿದು "ಹೆಂಗಾಗೇತಿ ಹೇಳ್ರಿ" ಎಂದ. ನಾನು ಬಣ್ಣ ನೋಡಿದೆ, ಮೂಸಿದೆ, ಕೆಳಗಿಟ್ಟೆ. ಅವನೂ ಮೂಸಿ ಕೆಳಗಿಟ್ಟ. ಒಣದ್ರಾಕ್ಷಿ ಮಾಡಿದರೆ ಎರಡು ಬಾಯಿಗೆ ಎಸೆದುಕೊಂಡು ರುಚಿ ಹೇಳುತ್ತಿದ್ದ. ಇದಕ್ಕೆ ಏನು ಮಾಡುವುದು? ಶೆಡ್ಡಿನ ತುಂಬ ವೈನಿದೆ, ಅದು ವೈನೋ ಹುಳಿನೀರೋ ಎಂದು ಹೇಳಲು ಮನೆಯಲ್ಲಿ ಒಂದು ನಾಲಿಗೆಯಿಲ್ಲ. ಆಗ ಸಾವುಕಾರ ಹಣೆ ತಟ್ಟಿಕೊಂಡು ದನದ ಮನೆಯ ಕಡೆ ನೋಡಿದ. "ಅದಾನಲ್ರಿ ನಮ್ಮಂವಾ ಒಬ್ಬಾಂವ! ಇಪ್ಪತ್ತ ವರ್ಷದ ಅನುಭವ ಐತಿ ಅವಂಗ!"

ಅದು ಅವನ ತಮ್ಮ. ಮನೆಯ ಮಕ್ಕಳಿಗೆ ಕಾಕಾ. ಊರು ಮುಳುಗಿದ ದುಃಖಕ್ಕೆ ಕುಡಿತಕ್ಕೆ ಬಿದ್ದ ಎಂದು ಹೇಳುವವರಿದ್ದರು. ಸುಳ್ಳು, ಊರು ಒಣಗಿದ್ದಾಗಲೂ ಅವನು ನೆನೆದೇ ಇರುತ್ತಿದ್ದ. ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅವ್ವ ಅವನನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಅವನು ಉಣ್ಣುವ ಗಂಗಾಳವನ್ನು ಎತ್ತಿ ದನದ ಮನೆಯ ಕಟ್ಟೆಯ ಮೇಲೆ ಇಟ್ಟಳು, ಅಷ್ಟೇ. ಅಂದಿನಿಂದ ಅವನು ಅಲ್ಲಿಯೇ ಉಂಡು, ತನ್ನ ಗಂಗಾಳ ತಾನೇ ತೊಳೆದು, ಅಲ್ಲಿಯೇ ಮಲಗುತ್ತಿದ್ದ. ರೊಟ್ಟಿ ಬಡಿಸುವಾಗ ಸೊಸೆಯಂದಿರು ಗಂಗಾಳಕ್ಕೆ ಕೈ ತಾಗದಂತೆ ಮೇಲಿನಿಂದ ಬಿಡುತ್ತಿದ್ದರು. ನಾಯಿಗೆ ಹಾಕುವಾಗಲಾದರೂ ಅವರು ಬಗ್ಗುತ್ತಿದ್ದರು.

ಕುಡಿದವನಿಗೆ ಕುಡಿಯುವುದರ ರುಚಿ ಗೊತ್ತಿರುತ್ತದೆ ಎಂಬುದು ಕುಡಿಯದ ಮಂದಿ ಮಾತ್ರ ಮಾಡಬಹುದಾದ ತಪ್ಪು. ಕಂಟ್ರಿ ಸಾರಾಯಿಯಲ್ಲಿ ಸುಟ್ಟು, ತಂಬಾಕಿನಲ್ಲಿ ಮರಗಟ್ಟಿದ ನಾಲಿಗೆ ಅದು. ಗಂಟಲು ಉರಿದರೆ ಛಲೋ, ಉರಿಯದಿದ್ದರೆ ನೀರು. ಅವನಿಗೆ ಗೊತ್ತಿದ್ದುದು ಇಷ್ಟೇ. ಇದು ನನಗೆ ಆಮೇಲೆ ತಿಳಿಯಿತು. ಆ ದಿನ ನನಗೂ ಸಾವುಕಾರನ ತರ್ಕ ಸರಿಯೆನಿಸಿತ್ತು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಎಂದುಕೊಂಡೆ.

ಕಾಕಾನನ್ನು ಕರೆಸಿದರು. ಮೈ ಕೂದಲೆಲ್ಲ ಹೊಟ್ಟು ಮೆತ್ತಿಕೊಂಡು ಬಂದು ಬಾಗಿಲ ಹೊರಗೇ ನಿಂತ. ಅಣ್ಣ ವಿಷಯ ಹೇಳಿದ. ಮನೆಯವರೇ ಕರೆದು ಕುಡಿ ಎನ್ನುತ್ತಿದ್ದಾರೆಂದರೆ ನಂಬಲಾಗದೆ ಅವನು ನನ್ನ ಮುಖ ನೋಡಿದ. ನಂತರ ಕೇಳಿದ ಮಾತು ಇದು: "ಮಾಡ್ತೇನಿ. ನನ್ನ ಗಂಗಾಳಾ ಒಳಗ ಇಡ್ತೀರೇನು?"

ಅವ್ವ ಒಳಗಿನಿಂದಲೇ ಉತ್ತರ ಕೊಟ್ಟಳು. "ಬಾಯಾಗ ಹಾಕ್ಕೋ, ರುಚಿ ನೋಡು, ಉಗುಳು. ಉಗುಳಿದ್ರ ಒಳಗ. ನುಂಗಿದ್ರ ಹೊರಗ."

ಆ ಮನೆಯಲ್ಲಿ ಹಳೆಯ ಹಿತ್ತಾಳೆಯ ಪೀಕದಾನಿಯೊಂದಿತ್ತು. ಎಲೆಯಡಿಕೆ ಮೆಲ್ಲುತ್ತಿದ್ದ ಅವ್ವನ ಮಾವನದು, ಮುಳುಗಡೆಯ ಮನೆಯಿಂದ ಹೊತ್ತು ತಂದದ್ದು. ಅವ್ವ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿಸಿದಳು. ಒಂದು ಗಾಜಿನ ಲೋಟದ ಮೇಲೆ ಸೊಸೆಯ ಉಗುರುಬಣ್ಣದಿಂದ ಗೆರೆ ಎಳೆಸಿದಳು. ಆ ಗೆರೆಯವರೆಗೆ ವೈನ್ ಸುರಿದು ಕಾಕಾನಿಗೆ ಕೊಡಬೇಕು. ಅವನು ಬಾಯಿಗೆ ಹಾಕಿ, ಗಲ್ಲದಲ್ಲಿ ಹೊರಳಿಸಿ, ಪೀಕದಾನಿಗೆ ಉಗುಳಬೇಕು. ಲೋಟ ಮುಗಿದ ಮೇಲೆ ಉಗುಳಿದ್ದನ್ನೆಲ್ಲ ಅದೇ ಲೋಟಕ್ಕೆ ಸುರಿಯಬೇಕು. ಗೆರೆ ಮುಟ್ಟಿದರೆ ಪಂಕ್ತಿ. ಮುಟ್ಟದಿದ್ದರೆ ದನದ ಮನೆ. ಹೆತ್ತ ಮಗನ ಉಗುಳನ್ನು ಮುದುಕಿ ಮೂಗಿಗೆ ಸೆರಗು ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದಳು. ನಾನು ಲ್ಯಾಬಿನಲ್ಲಿ ರಸ ನೋಡುವಾಗ ಅಷ್ಟು ಕಾಳಜಿ ಮಾಡಿದವನಲ್ಲ.

ಜೊಲ್ಲು ಸೇರಿ ಅದು ಯಾವಾಗಲೂ ಗೆರೆಯ ಮೇಲೆಯೇ ಬರುತ್ತಿತ್ತು. "ಹೆಚ್ಚಽ ಬಂದೈತಿ. ಒಳಗ ಬಾ" ಎನ್ನುತ್ತಿದ್ದಳು ಅವ್ವ. ಗುಟುಕು ನುಂಗಿದರೂ ಜೊಲ್ಲಿನಿಂದ ಸರಿದೂಗಿಸಬಹುದೆಂದು ನನಗೆ ಹೊಳೆದಿತ್ತು, ಕಾಕಾನಿಗೂ ಹೊಳೆಯದೆ ಇರಲಿಲ್ಲ. ಆದರೆ ಅವನು ನುಂಗಲಿಲ್ಲ. ಹೊರಗೆ ಹೋಗಿ ಕುಡಿಯುವುದನ್ನೂ ಬಿಟ್ಟ. ಮೊದಮೊದಲು ಕೈ ಗಡಗಡ ನಡುಗಿ, ಜ್ವರ ಬಂದು, ದನದ ಮನೆಯಲ್ಲಿ ಕಂಬ ಹಿಡಿದು ಕಾರಿಕೊಳ್ಳುತ್ತಿದ್ದನಂತೆ. ಆಮೇಲೆ ಕೈನಡುಕ ನಿಂತಿತು. ಗಡ್ಡ ಬೋಳಿಸಿದ. ಮುಖದಲ್ಲಿ ಅಣ್ಣನ ಹೋಲಿಕೆ ಕಾಣತೊಡಗಿತು, ಅಣ್ಣನಿಗೆ ಅದು ಅಷ್ಟು ಹಿಡಿಸಿದಂತಿರಲಿಲ್ಲ.

ಪಂಕ್ತಿಯಲ್ಲಿ ಅವನಿಗೆ ಕಿಟಕಿಯ ಪಕ್ಕದ ಜಾಗ ಕೊಟ್ಟರು. ಪ್ರೀತಿಯಿಂದಲ್ಲ; ಬಾಯಿಯ ವಾಸನೆ ಹೊರಗೆ ಹೋಗಲಿ ಎಂದು. ಅಷ್ಟರಲ್ಲಿ ಸಾವುಕಾರ ಎಲ್ಲಿಯೋ ತರಬೇತಿಗೆ ಹೋಗಿ ಒಂದು ಹೊಸ ಮಾತು ಕಲಿತು ಬಂದ: ರುಚಿ ನೋಡುವವನು ಖಾರ ತಿನ್ನಬಾರದು, ನಾಲಿಗೆ ಕೆಡುತ್ತದೆ. ಹೀಗಾಗಿ ಎಲ್ಲರ ಗಂಗಾಳದಲ್ಲಿ ಕೆಂಪುಖಾರ, ಶೇಂಗಾ ಚಟ್ನಿ, ಎಣ್ಣೆಗಾಯಿ ಪಲ್ಯ. ಕಾಕಾನ ಗಂಗಾಳದಲ್ಲಿ ಹಾಲು ರೊಟ್ಟಿ, ಹಾಲು ಅನ್ನ. ನಮ್ಮ ಸೀಮೆಯಲ್ಲಿ ಬಾಣಂತಿಗೂ ಇದಕ್ಕಿಂತ ಖಾರವಾದದ್ದು ಸಿಗುತ್ತದೆ. ನಾನು ಒಮ್ಮೆ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ, "ಹೆಂಗ್ ಉಣ್ತೀಯೋ ಮಾರಾಯಾ ಇದನ್ನ?"

"ಹೊರಗ ಖಾರಾ ಇತ್ರಿ" ಎಂದ. "ಇಲ್ಲಿ ಮಂದಿ ಅದಾರ."

ಇನ್ನು ಅವನ ರುಚಿನೋಟದ ಸಮಾಚಾರ. ಯಾವ ಡ್ರಮ್ಮಿನದು ಕೊಟ್ಟರೂ ಕಣ್ಣು ಮುಚ್ಚಿ, ಗಲ್ಲ ಉಬ್ಬಿಸಿ, ಉಗುಳಿ, "ಛಲೋ ಐತಿ" ಎನ್ನುತ್ತಿದ್ದ. ಕೆಟ್ಟಿದೆ ಎಂದು ಹೇಳಿದರೆ ವೈನ್ ನಿಲ್ಲಬಹುದು. ವೈನ್ ನಿಂತರೆ ರುಚಿ ನೋಡುವವನು ಯಾಕೆ ಬೇಕು? ಸಾವುಕಾರನೋ, ಉಪ್ಪಿನಕಾಯಿ ಭರಣಿಗೆ ಕಟ್ಟುವ ಹಾಗೆ ಡ್ರಮ್ಮುಗಳ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಗಾಳಿಗೆ ಬಿಟ್ಟಿದ್ದ; ಗಾಳಿ ಹೊಕ್ಕು ವೈನೆಲ್ಲ ಹುಳಿಯಾಗಿತ್ತು. ಎರಡನೆಯ ವರ್ಷ ಬೆಳಗಾವಿ ಕಡೆಯಿಂದ ಒಬ್ಬ ವ್ಯಾಪಾರಿ ಬಂದ. ಒಂದು ಗುಟುಕು ಬಾಯಿಗೆ ಹಾಕಿಕೊಂಡವನು ನೆಲದ ಮೇಲೆಯೇ ಉಗುಳಿದ. "ಇದು ವೈನ್ ಅಲ್ರಿ, ಭಜಿ ಅಂಗಡ್ಯಾವ್ರಿಗಿ ಕೊಡ್ರಿ, ಉಳ್ಳಾಗಡ್ಡಿ ಮ್ಯಾಲ ಹಾಕ್ಕೋತಾರ" ಎಂದು ಹೊರಟುಹೋದ.

ಸಾವುಕಾರ ಎಲ್ಲರೆದುರಿಗೆ ತಮ್ಮನ ಕಪಾಳಕ್ಕೆ ಬಿಗಿದ. "ಛಲೋ ಐತಿ ಅಂದ್ಯಲ್ಲಲೇ!" ಕಾಕಾ ಕೆನ್ನೆ ಹಿಡಿದುಕೊಂಡು ಅಣ್ಣನನ್ನು ನೋಡಲಿಲ್ಲ, ಬಾಗಿಲಲ್ಲಿ ಕೂತ ತಾಯಿಯನ್ನು ನೋಡಿದ. ಅವ್ವ ಅಂದಳು: "ಸುಳ್ಳ ಹೇಳ್ಯಾನ, ನುಂಗಿಲ್ಲ. ಪಂಗ್ತಿಗಿ ಕೂಡ್ಲಿ." ಅಂದು ಊಟಕ್ಕೆ ಕೂತಾಗ ಅವನ ಕೆನ್ನೆಯ ಮೇಲೆ ಬೆರಳು ಮೂಡಿದ್ದವು. ಆದರೂ ಅವನು ಹಾಲುರೊಟ್ಟಿಯನ್ನು ಹಬ್ಬದ ಊಟದಂತೆ ಉಂಡ. ಆ ಮುದುಕಿಯ ನ್ಯಾಯದ ಮೇಲೆ ನನಗೆ ಗೌರವ ಬಂದದ್ದು ಆ ದಿನ. ಅದು ಹೆಚ್ಚು ದಿನ ಬಾಳುವ ಗೌರವವಲ್ಲ ಎಂದು ಆಗ ಗೊತ್ತಿರಲಿಲ್ಲ.

ಆಮೇಲೆ ವೈನರಿಯ ರೂಪ ಬದಲಾಯಿತು. ಡ್ರಮ್ಮು ಹೋಗಿ ಉಕ್ಕಿನ ಟ್ಯಾಂಕು ಬಂದವು. ನಾಸಿಕದಲ್ಲಿ ಕಲಿತ ಒಬ್ಬ ಹುಡುಗ ಪಗಾರಕ್ಕೆ ಬಂದ. ಅವನ ಬಳಿ ನನ್ನ ಮೀಟರಿಗಿಂತ ಒಳ್ಳೆಯ ಮೀಟರಿತ್ತು, ಸ್ವಂತ ನಾಲಿಗೆಯೂ ಇತ್ತು. ಶೆಡ್ಡಿನ ಮುಂಭಾಗಕ್ಕೆ ಟೈಲ್ಸು ಹಾಕಿ ಎತ್ತರದ ಸ್ಟೂಲು ಇಟ್ಟರು. ಬಾಗಿಲಿಗೆ ದ್ರಾಕ್ಷಿ ಗೊಂಚಲಿನ ಪ್ಲಾಸ್ಟಿಕ್ ತೋರಣ. ಶೆಡ್ಡಿನ ಹಿಂದೆಯೇ ಖರೆ ದ್ರಾಕ್ಷಿ ಬಳ್ಳಿ ಇದ್ದರೂ. ಕಾರುಗಳಲ್ಲಿ ಮಂದಿ ಬರತೊಡಗಿದರು. ನನ್ನನ್ನು ಈಗ ಕೆಲಸಕ್ಕಲ್ಲ, ಹಳೆಯ ಸಲಿಗೆಗೆ ಕರೆಯುತ್ತಿದ್ದರು. ಕಾಕಾನ ಕೆಲಸವೂ ತೀರಿತ್ತು. ಆದರೆ ಸಾವುಕಾರ ಯಾವುದನ್ನೂ ದಂಡ ಮಾಡುವವನಲ್ಲ. ತಮ್ಮನಿಗೆ ಕೆಂಪು ರುಮಾಲು ಸುತ್ತಿಸಿ, ಪೀಕದಾನಿಯ ಮುಂದೆ ನಿಲ್ಲಿಸಿ, "ನಮ್ಮ ಹಳೀ ಟೇಸ್ಟರ್ ನೋಡ್ರಿ, ಹನಿ ನುಂಗೂದಿಲ್ಲ!" ಎಂದು ತೋರಿಸುತ್ತಿದ್ದ. ಕಾಕಾ ಗುಟುಕು ಹಾಕಿ, ಕಣ್ಣು ಮುಚ್ಚಿ, ಠಣ್ಣೆಂದು ಉಗುಳುತ್ತಿದ್ದ. ಬಂದವರು ನಗುತ್ತಿದ್ದರು, ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದರು. ಒಳಗೆ ಅವ್ವ ಎಂದಿನಂತೆ ಲೋಟ ಎತ್ತಿ ಗೆರೆ ನೋಡುತ್ತಿದ್ದಳು.

ಆ ವೈನರಿ ಈಗಿಲ್ಲ. ನಾಸಿಕದ ಹುಡುಗ ವಾಪಸು ಹೋದ, ಟ್ಯಾಂಕುಗಳು ಒಂದು ಹಾಲಿನ ಡೇರಿಗೆ ಹೋದವು, ಟೈಲ್ಸಿನ ಕೋಣೆಯಲ್ಲಿ ಒಣದ್ರಾಕ್ಷಿ ತುಂಬಿದ ಪೆಟ್ಟಿಗೆಗಳಿವೆ. ಪೆಟ್ಟಿಗೆಗಳ ಸಂದಿಯಲ್ಲಿ ಒಂದು ಎತ್ತರದ ಸ್ಟೂಲು ಇನ್ನೂ ನಿಂತಿದೆ. ಅದಕ್ಕಾಗಿ ನನಗೆ ಎಳ್ಳಷ್ಟೂ ಬೇಸರವಿಲ್ಲ. ಕಟ್ಟಡಗಳು ಬದಲಾಗಲಿ, ಬೀಳಲಿ. ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿದದ್ದು ಆ ವೈನರಿ ಚೆನ್ನಾಗಿ ನಡೆಯುತ್ತಿದ್ದ ಕಾಲದ ಒಂದು ಮಧ್ಯಾಹ್ನ.

ಅಂದು ಬೆಂಗಳೂರಿನ ದೊಡ್ಡ ಖರೀದಿದಾರನೊಬ್ಬ ಗೆಳೆಯರ ಜೊತೆ ಬಂದಿದ್ದ. ಅವನನ್ನು ಹಿಡಿದರೆ ಆ ವರ್ಷದ ಮಾಲೆಲ್ಲ ಹೋದಂತೆ ಎಂದು ಸಾವುಕಾರ ಬೆಳಗಿನಿಂದ ಓಡಾಡುತ್ತಿದ್ದ. ಕಾಕಾ ತನ್ನ ಆಟ ತೋರಿಸಿದ. ಅರ್ಧ ಲೋಟ ಉಗುಳಿ ಆಗಿತ್ತು. ಖರೀದಿದಾರ ನಗುತ್ತ, "ವೈನರಿಯಲ್ಲಿ ವೈನ್ ಕುಡಿಯದವನು! ಉಳಿದದ್ದು ಕುಡಿದುಬಿಡಪ್ಪ, ನಾವೂ ನೋಡೋಣ" ಎಂದ. ಕಾಕಾ ತಲೆಯಾಡಿಸಿದ. "ಬ್ಯಾಡ್ರಿ." ಗೆಳೆಯರಿಗೆ ಹುರುಪು ಬಂತು. ಕುಡಿ ಕುಡಿ ಎಂದು ಚಪ್ಪಾಳೆ ತಟ್ಟತೊಡಗಿದರು. ಕಾಕಾ ಅಣ್ಣನ ಮುಖ ನೋಡಿದ.

"ಕುಡಿ ಲೇ" ಎಂದ ಸಾವುಕಾರ, ಖರೀದಿದಾರನ ಕಡೆ ನಗುತ್ತಲೇ. "ಸಾಹೇಬ್ರು ಹೇಳಾಕತ್ತಾರ. ಒಂದ್ ಗುಟುಕಿಗಿ ಏನ್ ಆಗ್ತೈತಿ?"

"ಅಣ್ಣಾ, ಅವ್ವ…"

"ಅವ್ವಗ ನಾ ಹೇಳ್ತೇನಿ. ಕುಡಿ."

ಕಾಕಾ ಲೋಟ ಎತ್ತಿ ಉಳಿದದ್ದನ್ನೆಲ್ಲ ಬಾಯಿಗೆ ಸುರಿದುಕೊಂಡು, ಹಾಗೇ ಗಲ್ಲದಲ್ಲಿ ಇಟ್ಟುಕೊಂಡು ನಿಂತ. ಗೆಳೆಯರಲ್ಲಿ ಒಬ್ಬ ಚುರುಕಿನವನು. "ನುಂಗಿಲ್ಲ, ನುಂಗಿಲ್ಲ! ಬಾಯಿ ತೆಗಿ, ತೋರಿಸು" ಎಂದ. ಕಾಕಾನ ಗಂಟಲಿನ ಗಂಟು ಮೇಲೆದ್ದು ಕೆಳಗಿಳಿಯಿತು. ಅವನು ಬಾಯಿ ತೆರೆದ. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವಂತೆ ಅವರು ಬಗ್ಗಿ ಬಗ್ಗಿ ನೋಡಿ ಸಮಾಧಾನಪಟ್ಟರು. ವ್ಯಾಪಾರ ಕುದುರಿತು. ಕಾರುಗಳು ಹೋದವು.

ಕೈ ತೊಳೆಯಲು ಶೆಡ್ಡಿನ ಹಿಂದೆ ಹೋದೆ. ಅಲ್ಲಿ ಕಾಕಾ ಪೀಕದಾನಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ಉಗುಳುತ್ತಿದ್ದ. ಬಾಯೊಣಗಿ ಏನೂ ಬರುತ್ತಿರಲಿಲ್ಲ. ಗಲ್ಲವನ್ನು ಒಳಗೆಳೆದು, ನಾಲಿಗೆ ಕಚ್ಚಿ, ಮತ್ತೆ ಮತ್ತೆ ಉಗುಳುತ್ತಿದ್ದ. ಪಕ್ಕದಲ್ಲೇ ನಳ ಹನಿಯುತ್ತಿತ್ತು. "ಒಂದೀಟ ನೀರ ಹಾಕೋ ಹುಚ್ಚಪ್ಪಾ" ಎಂದೆ.

"ಗೊತ್ತಾಗ್ತೈತ್ರಿ ಅಕಿಗಿ" ಎಂದ. "ಉಗುಳಿನ ನೊರಿ ಬ್ಯಾರೆ ಇರತೈತಿ."

ಊಟದ ಹೊತ್ತಾಗಿತ್ತು. ಮಣೆಗಳು ಬಿದ್ದಿದ್ದವು. ಅವ್ವ ಪೀಕದಾನಿ ತರಿಸಿ ಲೋಟಕ್ಕೆ ಸುರಿಸಿ ಬೆಳಕಿಗೆ ಹಿಡಿದಳು. ಗೆರೆ ಮೇಲೆಲ್ಲೋ ಇತ್ತು, ಉಗುಳು ಕೆಳಗೆಲ್ಲೋ ಇತ್ತು.

"ಕಡಿಮಿ ಐತಿ."

"ಹ್ಞೂ ಅವ್ವಾ."

"ಹೊಟ್ಟಿಗಿ ಹೋತೇನು?"

"ಹೋತು."

ಸಾವುಕಾರ ಮಾತಾಡುತ್ತಾನೆಂದು ನಾನು ಕಾದೆ. ಅವನು ಮಣೆಯ ಮೇಲೆ ಕೂತು ಗಂಗಾಳದ ಅಂಚನ್ನು ಒರೆಸುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ಅವ್ವಾರ, ಅಂವ ತಾನಾಗಿ ಕುಡದಿಲ್ರಿ. ಸಾವುಕಾರ್ರಽ ಅವಂಗ…"

"ಯಾರ್ ಹೇಳಿದ್ರು ಅಂತ ನಾ ಕೇಳಿಲ್ರಿ" ಎಂದಳು ಅವ್ವ, ಅದೇ ತಣ್ಣನೆಯ ದನಿಯಲ್ಲಿ. "ನುಂಗಿದ ಗಂಟಲಾ ಯಾರದು?"

ಅವಳೇ ಬಗ್ಗಿ ಕಾಕಾನ ಗಂಗಾಳ ಎತ್ತಿಕೊಂಡಳು, ಅಂಗಳ ದಾಟಿ ದನದ ಮನೆಯ ಕಟ್ಟೆಯ ಮೇಲೆ ಇಟ್ಟು ಬಂದಳು. ಕಾಕಾ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ ಅವಳ ಹಿಂದೆಯೇ ಹೋದ. ಜಗಳವಿಲ್ಲ, ಕೂಗಿಲ್ಲ. ನಮಗೆ ಬಡಿಸಿದರು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಅವನ ದನಿ ಕೇಳಿತು.

"ಅವ್ವಾ, ಇನ್ನರ ಖಾರಾ ಹಾಕು."

ಅವ್ವ ಕೆಂಪುಖಾರದ ಬಟ್ಟಲು, ಎಣ್ಣೆಯ ಗಿಂಡಿ ತೆಗೆದುಕೊಂಡು ಹೋದಳು. ಮೇಲಿನಿಂದ ಬಿಟ್ಟ ಸಪ್ಪಳ ಒಳಗೆ ಕೇಳಿಸಿತು. ಕಿಟಕಿಯ ಪಕ್ಕದ ಮಣೆ ಖಾಲಿ ಇತ್ತು. ಸಾವುಕಾರ ಅದನ್ನು ಒಂದು ಗಳಿಗೆ ನೋಡಿದ. ಆಮೇಲೆ ತನ್ನ ಗಂಗಾಳ ಎತ್ತಿಕೊಂಡು ಎದ್ದು ಆ ಮಣೆಯ ಮೇಲೆ ಹೋಗಿ ಕೂತ.

"ಇಲ್ಲಿ ಗಾಳಿ ಛಲೋ ಬರತೈತ್ರಿ" ಎಂದ ನನಗೆ, ರೊಟ್ಟಿ ಮುರಿಯುತ್ತ.